ಸೋರುತ್ತದೆ, ಪಾಸ್

ಕಟ್ಟಡ ತಪಾಸಣೆಯ ಕೆಲಸಕ್ಕೆ ಸೇರುವ ಮಕ್ಕಳೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಆಂಟಿ, ಯಾವ ಪುಸ್ತಕ ಓದಬೇಕು?" ಕಲಬುರಗಿಯ ರುಬೀನಾಳೂ ಅದನ್ನೇ ಕೇಳಿದಳು. ಆಸ್ಟಿನ್‌ನಲ್ಲಿ ಸಿವಿಲ್ ಎಂ.ಎಸ್. ಮುಗಿಸಿ, ಪಕ್ಕದ ಊರಿನ ನಗರಸಭೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ಆಗಷ್ಟೇ ಸೇರಿದ್ದಳು. ಫ್ಲೂಗರ್‌ವಿಲ್‌ನ ನಮ್ಮ ಮನೆಗೆ ರೊಟ್ಟಿ ಊಟಕ್ಕೆಂದು ಬಂದವಳು ನೋಟ್‌ಬುಕ್ಕನ್ನೂ ತಂದಿದ್ದಳು.

"ಕಟ್ಟಡದ ನಿಯಮ ಇರೂ ಕೋಡ್ ಪುಸ್ತಕ ಓದವ್ವಾ. ಆಮ್ಯಾಲೆ, ಎಲ್ಲೇ ಹೋಗು, ಬೂಟು ಬಿಚ್ಚಬ್ಯಾಡ," ಎಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಹ್ಯೂಸ್ಟನ್‌ನಲ್ಲಿ ನನ್ನ ಮೊದಲ ದಿನದ ಮಾತು. ಹುಬ್ಬಳ್ಳಿಯಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಮತ್ತೆ ಪರೀಕ್ಷೆ ಬರೆದು ಗಿಟ್ಟಿಸಿಕೊಂಡ ಕೆಲಸ ಅದು. ಗೋಡೆ ಇನ್ನೂ ಎದ್ದಿರದ, ಮರದ ಚೌಕಟ್ಟು ಮಾತ್ರ ನಿಂತಿದ್ದ ಮನೆಯೊಂದನ್ನು ತಪಾಸಣೆ ಮಾಡಬೇಕಿತ್ತು. ಬಾಗಿಲು ಬರಬೇಕಾದ ಜಾಗದಲ್ಲಿ ಹೊಸ್ತಿಲ ಮರ ಕಂಡಿದ್ದೇ ತಡ, ನನ್ನ ಕೈ ತಾನಾಗಿಯೇ ಕೆಳಗೆ ಹೋಯಿತು. ಇಲಾಖೆ ಕೊಟ್ಟಿದ್ದ ಉಕ್ಕಿನ ಮೂತಿಯ ಬೂಟುಗಳನ್ನು ಬಿಚ್ಚಿ, ಅಚ್ಚುಕಟ್ಟಾಗಿ ಜೋಡಿಸಿಟ್ಟು, ಬಲಗಾಲಿಟ್ಟು ಒಳಗೆ ಹೋದೆ. ನಾಲ್ಕನೇ ಹೆಜ್ಜೆಗೆ ಮೊಳೆ ನೆಟ್ಟಿತು. ಅಪಘಾತದ ಫಾರಂ ತುಂಬಿಸಲು ಕುಳಿತ ಅಲ್ಲಿನ ಮೇಲಧಿಕಾರಿ, "ಬೂಟು ಎಲ್ಲಿತ್ತು?" ಎಂದ. "ಬಾಗಿಲ ಹೊರಗೆ," ಎಂದೆ. "ಬಾಗಿಲು ಎಲ್ಲಿತ್ತು?" ಎಂದ. "ಇನ್ನೂ ಬಂದಿರಲಿಲ್ಲ," ಎಂದೆ. ಅವನು ಆ ಫಾರಂ ಹರಿದು ಹಾಕಿ ಹೊಸದೊಂದು ತೆಗೆದುಕೊಂಡ.

ನನ್ನ ದೊಡ್ಡ ತಪ್ಪುಗಳೆಲ್ಲ ಹೀಗೆ ತವರುಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬಂದಂಥವು. ಅವುಗಳಲ್ಲಿ ಹಿರಿಯ ತಪ್ಪಿನ ಕಥೆ ಹೇಳಲೆಂದೇ ಇಷ್ಟು ಪೀಠಿಕೆ. ಬಡ್ತಿಗಳ ಸುದ್ದಿ ಬಿಡಿ, ಬಡ್ತಿ ಸಿಕ್ಕಾಗಲೆಲ್ಲ ಕುರ್ಚಿ ಮೆತ್ತಗಾಯಿತೇ ಹೊರತು ಬೇರೇನೂ ಆಗಲಿಲ್ಲ.

ಹ್ಯೂಸ್ಟನ್‌ನಿಂದ ಡಲ್ಲಾಸ್ ಕಡೆಗೆ ಶಿಫ್ಟ್ ಆದೆವು. ಅಲ್ಲಿನ ಒಂದು ನಗರಸಭೆಯಲ್ಲಿ ಕೆಲಸ ಸಿಕ್ಕಿತು. ಹೆಸರು ಹೇಳುವುದಿಲ್ಲ, ಪೆನ್ಷನ್ ಈಗಲೂ ಅವರೇ ಕೊಡುತ್ತಾರೆ. ಕಟ್ಟಿದ್ದು ಬೀಳದಂತೆ, ಸುಡದಂತೆ, ಸೋರದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸದ ಸಾರ. ಆಗ ಟ್ಯಾಬ್ಲೆಟ್ ಇರಲಿಲ್ಲ. ಕಾರ್ಬನ್ ಹಾಳೆಯಿಟ್ಟು ಮೂರು ಪ್ರತಿ ಬರೆಯುತ್ತಿದ್ದೆವು. ಪಾಸಾದರೆ ಹಸಿರು ಚೀಟಿ, ಫೇಲಾದರೆ ಕೆಂಪು ಚೀಟಿ ಅಂಟಿಸುತ್ತಿದ್ದೆವು. ಎಂಥೆಂಥ ಕಟ್ಟಡ ನೋಡಿದ್ದೇನೆ! ಒಬ್ಬನ ನಾಯಿಗೂಡಿಗೆ ಏಸಿ ಇತ್ತು, ಹಾಸಿಗೆ ಇತ್ತು, ಟೀವಿಯೂ ಇತ್ತು. ನಾಯಿ ಎಲ್ಲಪ್ಪಾ ಎಂದು ಕೇಳಿದರೆ, ನಾಯಿ ಇಲ್ಲ, ಹೆಂಡತಿಯ ಜೊತೆ ಜಗಳವಾದಾಗ ತಾನೇ ಬಂದು ಮಲಗುವುದು ಎಂದ. ಹೊಗೆಯ ಅಲಾರಂ ಹಾಕಿಸು ಎಂದು ಬರೆದು ಬಂದೆ.

ನನ್ನ ಮೇಲಧಿಕಾರಿಯ ಹೆಸರು ವರ್ನಾನ್. ಆರಡಿ ಮೀರಿದ ಆಳು, ಮೊನಚು ಮೂತಿಯ ಬೂಟು, ಅಗಲ ಹ್ಯಾಟು. ಭಾನುವಾರ ಚರ್ಚಿನಲ್ಲಿ ದೊಡ್ಡವರಿಗೆ ಧರ್ಮಗ್ರಂಥದ ಪಾಠ ಹೇಳುತ್ತಿದ್ದ. ಟ್ರಕ್ಕಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಕಡೆ ಕೋಡ್ ಪುಸ್ತಕ, ಇನ್ನೊಂದು ಕಡೆ ಧರ್ಮಗ್ರಂಥ. ಎರಡನ್ನೂ ಒಂದೇ ಗಂಟಲಿನಲ್ಲಿ ಓದುತ್ತಿದ್ದ. ಸುಮಂಗಲಾ ಎಂಬ ನನ್ನ ಹೆಸರು ಅವನ ಬಾಯಲ್ಲಿ ಸವೆದು ಸವೆದು 'ಸೂ' ಆಗಿ ಉಳಿದಿತ್ತು. ಟೆಕ್ಸಾಸ್ ಮಂದಿ ಎಳೆದೆಳೆದು ಮಾತಾಡುವ ಇಂಗ್ಲಿಷ್ ನನ್ನ ಕಿವಿಗೆ ಹುಬ್ಬಳ್ಳಿ ಕನ್ನಡದ ಹಾಗೆಯೇ ಕೇಳುತ್ತದೆ. ಆದ್ದರಿಂದ ಅವನ ಮಾತನ್ನು ಹಾಗೆಯೇ ಬರೆಯುತ್ತೇನೆ. ಓದಿದರೆ ಅವನಿಗೂ ಬೇಸರವಾಗಲಿಕ್ಕಿಲ್ಲ.

ಒಂದು ಶುಕ್ರವಾರ ದೂರು ಬಂತು. ಹೈಮ್ ಎಂಬ ಯಹೂದಿ ಮುದುಕರೊಬ್ಬರು ಮನೆಯ ಮುಂದಿನ ಡ್ರೈವ್‌ವೇ ಮೇಲೆ ದೊಡ್ಡದೊಂದು ಗುಡಿಸಲು ಕಟ್ಟಿಸುತ್ತಿದ್ದಾರೆ, ನೋಡಿ ಎಂದು ಎದುರು ಮನೆಯವನ ಫೋನು. ಹೋದೆ. ಹೈಮ್ ಮನೆಯಲ್ಲಿರಲಿಲ್ಲ. ಅವರ ಹೆಂಡತಿ ರಿವ್ಕಾ ಸೊಂಟ ಮುರಿದುಕೊಂಡು ಆರೈಕೆ ಕೇಂದ್ರದಲ್ಲಿದ್ದರು, ಇವರೂ ಅಲ್ಲೇ. ರ್‍ಯಾಂಡಿ ಎಂಬ ಬಡಗಿ ಒಬ್ಬನೇ ಕೆಲಸ ಮಾಡುತ್ತಿದ್ದ. ಮೂರು ಕಡೆ ಪ್ಲೈವುಡ್ ಗೋಡೆ, ಒಂದು ಕಡೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು, ಎಲ್ಲ ಗಟ್ಟಿಯಾಗಿತ್ತು, ಅಷ್ಟು ದೊಡ್ಡದಕ್ಕೆ ಬೇಕಾದ ಪರ್ಮಿಟ್ಟೂ ಇತ್ತು. ಮೇಲೆ ನೋಡಿದರೆ ನಾಲ್ಕು ಅಡ್ಡಪಟ್ಟಿ, ಅದರ ಮೇಲೆ ತಾಳೆಗರಿ, ಓಕ್ ಕೊಂಬೆ, ಬಿದಿರು. ಸಂದಿಯಲ್ಲಿ ಆಕಾಶ ಕಾಣುತ್ತಿತ್ತು.

"ಇದೇನು?" ಎಂದೆ.

"ಹಬ್ಬಕ್ಕಂತೆ ಮೇಡಂ. ಬುಧವಾರ ಸಾಯಂಕಾಲ ಅಮ್ಮಾವ್ರನ್ನ ಕರ್ಕೊಂಡು ಬರ್ತಾರೆ. ಇದರೊಳಗೆ ಕೂತು ಊಟ ಮಾಡ್ತಾರಂತೆ," ಎಂದ ರ್‍ಯಾಂಡಿ.

ಹಬ್ಬ, ಊಟ, ಬರುವವಳು ಸೊಂಟ ಮುರಿದ ಅಜ್ಜಿ, ಮೇಲೆ ನೋಡಿದರೆ ಸೋರುವ ಹಂದರ! ನಮ್ಮ ಕಡೆ ಹಂದರದಲ್ಲಿ ಉಣ್ಣಲು ಕೂತವರ ಎಲೆಯ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ನನ್ನ ಮದುವೆಯಲ್ಲಿ ಹಾಗೇ ಆಗಿ, ನಮ್ಮಪ್ಪ ಬೀಗರ ಮುಂದೆ ಕೊಡೆ ಹಿಡಿದು ನಿಂತದ್ದನ್ನು ಈಗಲೂ ಮರೆತಿಲ್ಲ. ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ ನಮ್ಮವರ ಮದುವೆಗಳಲ್ಲೂ ಬಾಳೆಕಂಬ ಕಟ್ಟುವುದಕ್ಕೆ ಮುಂಚೆ ಮೇಲೆ ಹೊದಿಸಿದ್ದೀರಾ ಎಂದು ನಾನೇ ಕೇಳುತ್ತಿದ್ದೆ. ಈ ಅಜ್ಜಿಯ ಮಾನ ಕಾಯುವುದು ನನ್ನ ಕರ್ತವ್ಯ ಎನಿಸಿಬಿಟ್ಟಿತು.

ಕೆಂಪು ಚೀಟಿ ಬರೆದೆ: ಛಾವಣಿ ಅಪೂರ್ಣ. ಜೊತೆಗೆ ಉಚಿತ ಸಲಹೆಯನ್ನೂ ಕೊಟ್ಟೆ. ಕೊಂಬೆ ತೆಗೆದು ತಗಡು ಹೊಡಿ, ಚೆಂದ ಕಾಣಲು ಬೇಕಾದರೆ ಸೊಪ್ಪನ್ನು ತಗಡಿನ ಮೇಲೆ ಹರಡು ಎಂದೆ. ರ್‍ಯಾಂಡಿಗೂ ಅದೇ ಸರಿಯೆನಿಸಿತು. ಹೈಮ್ ಅವರನ್ನು ಒಂದು ಮಾತು ಕೇಳೋಣ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಂಗಳವಾರ ಹೋದಾಗ ಹೊಸ ತಗಡು ಫಳಫಳ ಹೊಳೆಯುತ್ತಿತ್ತು. ಪೈಪಿನಲ್ಲಿ ನೀರು ಬಿಟ್ಟು ನೋಡಿದೆ. ಒಂದು ಹನಿ ಸೋರಲಿಲ್ಲ. ಹಸಿರು ಚೀಟಿ ಅಂಟಿಸಿ, ಫೋಟೊ ತೆಗೆದು, ವರ್ನಾನ್‌ನ ಸಹಿ ಹಾಕಿಸಿದೆ. ಒಳ್ಳೆಯ ಕೆಲಸ ಮಾಡಿದೆನೆಂದು ಅವತ್ತು ರಾತ್ರಿ ಮನೆಯಲ್ಲಿ ಪಾಯಸ ಮಾಡಿದ್ದೆ.

ಬುಧವಾರ ಮಧ್ಯಾಹ್ನ ಮೂರಕ್ಕೆ ಹೈಮ್ ಫೋನ್ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ಇನ್‌ಸ್ಪೆಕ್ಟರ್, ನಿಮ್ಮ ಒಳ್ಳೇ ಮನಸ್ಸಿಗೆ ಕೃತಜ್ಞತೆಗಳು. ಆದರೆ ಈಗ ನಮ್ಮ ಹತ್ರ ಗುಡಿಸಲಿಲ್ಲ, ಶೆಡ್ ಇದೆ. ಸೂರ್ಯ ಮುಳುಗಿದ್ರೆ ಹಬ್ಬ ಶುರು. ಆಮೇಲೆ ನಾವು ಮೊಳೆ ಹೊಡೆಯೋ ಹಾಗಿಲ್ಲ, ಕೀಳೋ ಹಾಗಿಲ್ಲ. ರಿವ್ಕಾ ಕಾರಲ್ಲಿ ಕೂತಿದ್ದಾಳೆ. ಅವಳಿಗೆ ಏನು ಹೇಳ್ಲಿ?"

ನಾನು ಎದ್ದು ಬಿದ್ದು ಓಡಿದೆ. ಕಾರಿನ ಮುಂದಿನ ಸೀಟಿನಲ್ಲಿ ಬಿಳಿ ಕೂದಲಿನ ಸಣ್ಣ ಮೈಯ ಹೆಂಗಸು, ಮಡಿಲಲ್ಲಿ ನಾರು ತುಂಬಿದ ಪೆಟ್ಟಿಗೆ, ಅದರೊಳಗೆ ಹಬ್ಬದ ಆಚರಣೆಗೆ ಬೇಕಾದ, ದೊಡ್ಡ ನಿಂಬೆಯಂಥ ಒಂದು ಮಾದಲ ಹಣ್ಣು. ಎಂಟು ವಾರದಿಂದ ಆಸ್ಪತ್ರೆಯ, ಆರೈಕೆ ಕೇಂದ್ರದ ಸೂರು ನೋಡಿ ನೋಡಿ ಬೇಸತ್ತು, ಹಬ್ಬಕ್ಕೆ ತಮ್ಮ ಗುಡಿಸಲಲ್ಲಿ ಕೂತು ಆಕಾಶ ನೋಡಬೇಕು ಎಂದು ಹಟ ಹಿಡಿದು ಬಂದಿದ್ದರು. ಹಿತ್ತಿಲಿಗೆ ಮೆಟ್ಟಿಲಿದ್ದವು, ಕುರ್ಚಿ ಇಳಿಯುತ್ತಿರಲಿಲ್ಲ. ಅದಕ್ಕೇ ಗುಡಿಸಲು ಈ ಸಲ ಮುಂದೆ ಬಂದಿತ್ತು, ಅದಕ್ಕೇ ಅಷ್ಟು ದೊಡ್ಡದೂ ಆಗಿತ್ತು. ಆ ಹಬ್ಬದ ಹೆಸರು ಸುಕ್ಕೋತ್, ಗುಡಿಸಲಿನ ಹೆಸರು ಸುಕ್ಕಾ, ಅದರ ಮೇಲ್ಹೊದಿಕೆ ಕಡಿದು ತಂದ ಸೊಪ್ಪಿನದೇ ಆಗಿರಬೇಕು, ಸಂದಿಯಲ್ಲಿ ನಕ್ಷತ್ರ ಕಂಡರೆ ಲೇಸು ಎಂಬುದೆಲ್ಲ ನನಗೆ ಗೊತ್ತಾಗಿದ್ದೇ ಆಗ. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು.

ತಗಡು ಕೀಳುವುದು ಕಷ್ಟವಲ್ಲ. ಆದರೆ ಪಾಸಾದ ಛಾವಣಿಯನ್ನು ಕಿತ್ತರೆ ಪರ್ಮಿಟ್ ರದ್ದು. ಎದುರು ಮನೆಯವನು ಕಿಟಕಿಯಲ್ಲಿ ಕ್ಯಾಮೆರಾ ಹಿಡಿದು ನಿಂತೇ ಇದ್ದ. ಹೊಸ ಚೀಟಿಗೆ ವರ್ನಾನ್‌ನ ಸಹಿಯೇ ಬೇಕು. ಫೋನ್ ಹಚ್ಚಿ ತಪ್ಪೊಪ್ಪಿಕೊಂಡೆ.

"ಏನಂತೀ ಸೂ? ಮಳಿ ಬರೂ ಛಾವಣಿಗೆ ನಾ ಸಹಿ ಹಾಕ್ಬೇಕೇನು? ಜೀವಮಾನಾ ಪೂರಾ ಸೋರೂದನ್ನ ಫೇಲ್ ಮಾಡ್ಕೋತ ಬಂದೇನಿ!"

ಹೈಮ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಸ್ಪೀಕರ್ ಹಾಕಿದರು. ಅವರು ನಲವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಧ್ವನಿಯಲ್ಲೇ ಬೆತ್ತವಿತ್ತು.

"ಸಾರ್, ನಿಮ್ಮ ಟ್ರಕ್ಕಲ್ಲಿ ಧರ್ಮಗ್ರಂಥ ಇದೆ ಅಂತ ಇನ್‌ಸ್ಪೆಕ್ಟರ್ ಹೇಳಿದ್ರು. ಬ್ಯಾಬಿಲೋನಿಗೆ ಸೆರೆ ಹೋದವರ ಮಕ್ಕಳು ಮೊಮ್ಮಕ್ಕಳು ಜೆರುಸಲೇಮಿಗೆ ವಾಪಸ್ ಬಂದ್ರಲ್ಲ, ಆ ಭಾಗ ತೆಗೀರಿ. ಚೌಕದಲ್ಲಿ ಎಲ್ಲರನ್ನೂ ಕೂಡಿಸಿ ಸುರುಳಿ ಬಿಚ್ಚಿ ಓದ್ತಾರೆ. ಅಲ್ಲೀವರೆಗೆ ಜನ ಈ ಹಬ್ಬಾನೇ ಮರೆತುಬಿಟ್ಟಿರ್ತಾರೆ. ಮುಂದೆ ಏನಾಯ್ತು, ನೀವೇ ಓದಿ."

ಆ ಕಡೆ ಟ್ರಕ್ಕಿನ ಬಾಗಿಲು ತೆರೆದ ಸದ್ದು. ಪುಟ ಮಗುಚುವ ಸದ್ದು. ಆಮೇಲೆ ವರ್ನಾನ್‌ನ ಭಾನುವಾರದ ದನಿ: "ಗುಡ್ಡಕ್ಕ ಹೋಗಿ ಆಲಿವ್ ಟೊಂಗಿ, ತಾಳೆಗರಿ ತಂದ್ರು ಅಂತ ಐತಿ. ಮಾಳಿಗಿ ಮ್ಯಾಲೆ, ಅಂಗಳದಾಗ, ಊರ ಬಾಗಲ ಚೌಕದಾಗ ಕಟ್ಟಿದ್ರು ಅಂತ ಐತಿ." ಸ್ವಲ್ಪ ತಡೆದ. "ಏ ಸೂ, ಜಾಗಾನೂ ಬರದಾರ, ಸಾಮಾನೂ ಬರದಾರ. ಇದು ಪ್ಲ್ಯಾನ್ ಆತಲ್ಲ! ಮಂಜೂರಿ ಯಾರದು?"

"ಪರ್ಷಿಯಾದ ಅರಸ ನೇಮಿಸಿದ ಅಧಿಪತಿ ಸ್ಥಳದಲ್ಲೇ ಇದ್ದ," ಎಂದರು ಹೈಮ್.

"ಹಂಗಾರ ನನಗಿಂತ ಮ್ಯಾಲಿನ ಅಧಿಕಾರಿ ಬಿಡ್ರಿ. ತಡೀರಿ, ಬಂದೆ."

ಅವನು ಬರುವಷ್ಟರಲ್ಲಿ ರ್‍ಯಾಂಡಿ ಒಂದು ಏಣಿ, ನಾನೊಂದು ಏಣಿ ಹತ್ತಿದ್ದೆವು. ಕೆಳಗೆ ಕೊಂಬೆಗಳನ್ನು ಬಿಡಿಸುತ್ತ ಹೈಮ್ ಪಾಠ ಮುಂದುವರಿಸಿದ್ದರು. ಸ್ಕ್ರೂ ಬಿಚ್ಚುವ ಸದ್ದಿನ ನಡುವೆ ನಾನು ಕೇಳಿಸಿಕೊಂಡ ಇತಿಹಾಸ ಇದು. ಮೊದಲು ಇದು ಬರೀ ಸುಗ್ಗಿಯ ಹಬ್ಬ. ಕಣದ ಕೆಲಸ ಮುಗಿದು ದ್ರಾಕ್ಷಿ, ಆಲಿವ್ ಕೈಗೆ ಬರುವ ಕಾಲ. ಬೆಳೆ ಕಾಯಲು ರೈತರು ಹೊಲದಲ್ಲೇ ಸೊಪ್ಪಿನ ಗುಡಿಸಲು ಹಾಕಿ ಮಲಗುತ್ತಿದ್ದಿರಬೇಕು ಎಂದು ತಿಳಿದವರ ಊಹೆ. ಆಮೇಲೆ ಅದಕ್ಕೆ ಇನ್ನೊಂದು ನೆನಪು ಸೇರಿಕೊಂಡಿತು, ಈಜಿಪ್ಟಿನ ದಾಸ್ಯ ತೊರೆದು ಬಂದವರು ಮರುಭೂಮಿಯಲ್ಲಿ ನಲವತ್ತು ವರ್ಷ ಗುಡಿಸಲಲ್ಲೇ ಬದುಕಿದ ನೆನಪು. ಮುಂದೆ ಜೆರುಸಲೇಮಿನಲ್ಲಿ ದೇಗುಲ ಎದ್ದ ಮೇಲೆ ಊರೂರಿನಿಂದ ಜನ ಯಾತ್ರೆ ಬರತೊಡಗಿದರು.

"ತಿಂಗಳ ಹದಿನೈದನೇ ದಿನ ಶುರು. ಹುಣ್ಣಿಮೆ," ಎಂದರು.

ನನ್ನ ಕೈಯಲ್ಲಿದ್ದ ಸ್ಕ್ರೂ ಜಾರಿತು. ಬಹಳಷ್ಟು ವರ್ಷ ಅದು ನಮ್ಮ ಸೀಗಿ ಹುಣ್ಣಿಮೆಯೇ! ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಅನ್ನದ ಚರಗ ಚೆಲ್ಲಿ, ಪೈರಿನ ನಡುವೆ ಕೂತು ಉಂಡವಳು ನಾನು. ಅವತ್ತು ಹೊಲದ ಮೇಲೆ ತಗಡು ಹೊದಿಸಿ ಎಂದು ನಮ್ಮವ್ವ ಯಾರಿಗೂ ಹೇಳಿರಲಿಲ್ಲ. ಮದುವೆ ಹಂದರ ನೆನಪಾದವಳಿಗೆ ಹೊಲದ ಊಟ ಯಾಕೆ ನೆನಪಾಗಲಿಲ್ಲ? ಏಣಿಯ ಮೇಲೆ ನಿಂತೇ ಹೈಮ್ ಅವರಿಗೆ ಇದನ್ನು ಹೇಳಿದೆ. ಅವರು ಕೊಂಬೆ ಕೆಳಗಿಟ್ಟು, "ಹಾಗಾದ್ರೆ ನಿಮಗೆ ಗೊತ್ತಿತ್ತು, ಇನ್‌ಸ್ಪೆಕ್ಟರ್. ಬರೀ ಮರೆತಿದ್ರಿ. ಬ್ಯಾಬಿಲೋನಿಂದ ಬಂದೋರ ಹಾಗೆ," ಎಂದರು.

ವರ್ನಾನ್ ಬಂದವನೇ ಬೂಟು ಹಾಕಿಕೊಂಡೇ ಮೂರನೇ ಏಣಿ ಹತ್ತಿದ. ಆರು ಗಂಟೆಗೆ ತಗಡೆಲ್ಲ ಕೆಳಗೆ, ಆರೂವರೆಗೆ ಸೊಪ್ಪೆಲ್ಲ ಮೇಲೆ. ಆಗ ಅವನ ಕಣ್ಣು ಇಳಿಜಾರಿನ ಮೇಲೆ ಬಿತ್ತು. ಎಡಗಡೆ ಹಿಡಿದುಕೊಳ್ಳಲು ಕಟಕಟೆ ಇಲ್ಲ, ಕಟಕಟೆ ಇಲ್ಲದೆ ಸಹಿ ಇಲ್ಲ ಎಂದ. ನಾನು ಗೋಗರೆದೆ. ಅವನು ಜಗ್ಗಲಿಲ್ಲ.

ಅಷ್ಟರಲ್ಲಿ ಕಾರಿನಿಂದ ಗಾಲಿಕುರ್ಚಿಗೆ ಇಳಿದಿದ್ದ ರಿವ್ಕಾ ನೆಟ್ಟಗೆ ಕುಳಿತರು. ಪೆಟ್ಟಿಗೆಯಿಂದ ಮಾದಲ ಹಣ್ಣನ್ನು ತೆಗೆದು ಕೈಯಲ್ಲಿ ತೂಗಿ ನೋಡಿದರು.

"ಹೈಮ್, ಆ ಅರಸನ ಕಥೆ ಹೇಳಿ ಇವರಿಗೆ."

ಹೈಮ್ ಹಣೆ ಚಚ್ಚಿಕೊಂಡರು. ಕಥೆಯನ್ನು ಆಕೆಯೇ ಹೇಳಿದರು. ದೇಗುಲದ ಕಾಲದಲ್ಲಿ ಈ ಹಬ್ಬದ ದಿನ ಊರ ಚಿಲುಮೆಯಿಂದ ನೀರು ತಂದು ಬಲಿಪೀಠದ ಮೇಲೆ ಸುರಿಯುತ್ತಿದ್ದರು, ಮಳೆಗಾಲ ಚೆನ್ನಾಗಾಗಲಿ ಎಂದು. ಒಮ್ಮೆ ಅರಸನೇ ಪೂಜಾರಿಯಾಗಿದ್ದ. ಈ ಆಚಾರದಲ್ಲಿ ನಂಬಿಕೆಯಿಲ್ಲದೆ ನೀರನ್ನು ತನ್ನ ಕಾಲ ಮೇಲೆ ಸುರಿದುಕೊಂಡನಂತೆ. ನೆರೆದ ಜನವೆಲ್ಲ ಕೈಯಲ್ಲಿದ್ದ ಮಾದಲ ಹಣ್ಣನ್ನೇ ಅವನತ್ತ ಬೀಸಿ ಎಸೆದರು.

"ಅದಕ್ಕೆ ಅವನು ತೀರಿಸಿಕೊಂಡ ಸೇಡು ಭೀಕರ, ಅದನ್ನೂ ಹೇಳು," ಎಂದರು ಹೈಮ್.

"ಅದು ಆಮೇಲಿನ ಮಾತು. ಅರಸನಿಗೇ ಎಸೆದ ವಂಶ ನಮ್ಮದು, ಸೂಪರ್‌ವೈಸರ್ ಯಾವ ಲೆಕ್ಕ?" ಎಂದು ರಿವ್ಕಾ ತೋಳು ಹಿಂದಕ್ಕೆ ಎಳೆದರು.

"ಬೇಡ ರಿವ್ಕಾ! ತೊಟ್ಟು ಮುರಿದ್ರೆ ಹಬ್ಬಕ್ಕೆ ಬರಲ್ಲ! ಎಸೆಯೋದಾದ್ರೆ ಹಬ್ಬ ಮುಗಿದ ಮೇಲೆ!"

ವರ್ನಾನ್ ಹ್ಯಾಟು ತೆಗೆದು ಎದೆಗೆ ಅಡ್ಡ ಹಿಡಿದುಕೊಂಡ. ಆಮೇಲೆ ತಾನೇ ಟ್ರಕ್ಕಿನಿಂದ ಒಂದು ಉದ್ದ ಮರ ತಂದು, ರ್‍ಯಾಂಡಿಯ ಕೈಯಿಂದ ಡ್ರಿಲ್ ಕಸಿದು, ಹತ್ತು ನಿಮಿಷದಲ್ಲಿ ಕಟಕಟೆ ಕೂರಿಸಿದ. ನಾನು ಹಸಿರು ಚೀಟಿ ತೆಗೆದೆ.

"ತಡಿ," ಎಂದ. "ಪರೀಕ್ಷಾ ಮಾಡದ ನಾ ಸಹಿ ಹಾಕಂಗಿಲ್ಲ. ಸೋರಬೇಕು ಅಂದ್ರ ಸೋರತೈತೋ ಇಲ್ಲೋ ನೋಡಬೇಕು."

ಟ್ರಕ್ಕಿನಲ್ಲಿದ್ದ ಕುಡಿಯುವ ನೀರಿನ ಜಗ್ಗು ಹಿಡಿದು ಏಣಿ ಹತ್ತಿ, ಸೊಪ್ಪಿನ ಮೇಲೆ ಸಾವಕಾಶ ಸುರಿದ. ಕೆಳಗೆ ನಿಂತಿದ್ದ ನನ್ನ ತಲೆ ತೊಯ್ದಿತು. ಇಳಿಜಾರು ಹತ್ತಿ ಕುರ್ಚಿಯಲ್ಲೇ ಒಳಗೆ ಬಂದಿದ್ದ ರಿವ್ಕಾ ಮುಖ ಮೇಲೆತ್ತಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದರಲ್ಲಿ ಜಗ್ಗಿನ ನೀರೆಷ್ಟು, ಅವರ ಕಣ್ಣಿನದೆಷ್ಟು ಎಂದು ನಾನು ತಪಾಸಣೆ ಮಾಡಲಿಲ್ಲ. ವರ್ನಾನ್ ಕೆಳಗಿಳಿದು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: 'ಛಾವಣಿ: ಸೋರುತ್ತದೆ. ಪಾಸ್.' ಸೂರ್ಯ ಮುಳುಗಲು ಇನ್ನೂ ಕಾಲು ಗಂಟೆ ಇತ್ತು.

ಹಬ್ಬ ಮುಗಿದ ಮೇಲೆ ರಿವ್ಕಾ ಆ ಹಣ್ಣನ್ನು ನನಗೇ ಕೊಟ್ಟರು, ಎಸೆಯದೆ. ನಾನು ಉಪ್ಪಿನಕಾಯಿ ಹಾಕಿದೆ. ಅರ್ಧ ಬಾಟಲಿ ಅವರಿಗೆ, ಅರ್ಧ ವರ್ನಾನ್‌ಗೆ. ಅವನು ಅದನ್ನು ಹೊಗೆಯಲ್ಲಿ ಬೇಯಿಸಿದ ಮಾಂಸದ ಜೊತೆ ತಿಂದು, ಕಣ್ಣೊರೆಸಿಕೊಳ್ಳುತ್ತ, ಸೇಡು ಅಂದರೆ ಇದು ಎಂದ.

ಮರುವರ್ಷ ಅವರು ಹಿತ್ತಿಲಿಗೇ ಇಳಿಜಾರು ಮಾಡಿಸಿದರು. ಗುಡಿಸಲು ಚಿಕ್ಕದಾಯಿತು, ಪರ್ಮಿಟ್ಟೇ ಬೇಕಿರಲಿಲ್ಲ. ಆದರೂ ಹಬ್ಬದ ಹಿಂದಿನ ಮಧ್ಯಾಹ್ನ ಹೈಮ್ ಅವರ ಫೋನ್ ತಪ್ಪುತ್ತಿರಲಿಲ್ಲ: "ಇನ್‌ಸ್ಪೆಕ್ಟರ್, ಸೋರುತ್ತಾ ಇಲ್ವಾ ಅಂತ ಬಂದು ನೋಡಿ." ನಾನು ಆಸ್ಟಿನ್‌ಗೆ ಶಿಫ್ಟ್ ಆದ ಮೇಲೂ ರಜೆ ಹಾಕಿ ಹೋಗುತ್ತಿದ್ದೆ. ಅಷ್ಟರಲ್ಲಿ ಕಾರ್ಬನ್ ಹಾಳೆ ಹೋಗಿ ಟ್ಯಾಬ್ಲೆಟ್ ಬಂತು. ಹತ್ತಿರದ ಟೇಲರ್ ಎಂಬ ಊರಿಗೆ ಚಿಪ್ ಕಾರ್ಖಾನೆ ಬಂದ ಮೇಲೆ ಮನೆಗಳ ಸುಗ್ಗಿಯೋ ಸುಗ್ಗಿ, ವಿಡಿಯೊ ಕಾಲ್‌ನಲ್ಲೇ ತಪಾಸಣೆ ಮಾಡತೊಡಗಿದೆವು. ಬಿಸಿನೀರಿನ ಬಾಯ್ಲರ್ ತೋರಿಸಪ್ಪಾ ಎಂದರೆ ಒಬ್ಬ ಮನೆಯ ಬೆಕ್ಕನ್ನೇ ಐದು ನಿಮಿಷ ತೋರಿಸಿದ. ಆ ಬೆಕ್ಕಿನ ಕೆಳಗೆ ಬಾಯ್ಲರ್ ಇತ್ತಂತೆ. ಕೊನೆಗೆ ನಾನೂ ನಿವೃತ್ತಳಾದೆ.

ರಿವ್ಕಾ ಎಲ್ಲಿ ಹೋಗಿಬಿಡುತ್ತಾರೋ ಎಂದು ನಾವೆಲ್ಲ ಹೆದರಿದ್ದೆವು. ಹೋದವರು ಹೈಮ್. ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ. ಸುದ್ದಿ ಕೇಳಿ ನಾನು ಅಡುಗೆಮನೆಯಲ್ಲಿ ನಿಂತು ಜೋರಾಗಿ ಅತ್ತೆ. ಮೇಷ್ಟ್ರನ್ನು ಕಳೆದುಕೊಂಡಂತಾಗಿತ್ತು.

ಕಳೆದ ವರ್ಷ ಫೋನ್ ಮಾಡಿದ್ದು ರಿವ್ಕಾ. ರುಬೀನಾಳನ್ನು ಜೊತೆಗೆ ಕರೆದುಕೊಂಡು ಮೂರು ಗಂಟೆ ಡ್ರೈವ್ ಮಾಡಿ ಹೋದೆ. ರಿವ್ಕಾ ಗುಡಿಸಲಿನ ನಡುವೆ ಗಾಲಿಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಹೈಮ್ ಕೂರುತ್ತಿದ್ದ ಮಡಚುವ ಕುರ್ಚಿ. ರುಬೀನಾಗೆ ಇಡೀ ಇತಿಹಾಸ ಹೇಳಿದರು. ಹೈಮ್ ಹೇಳಿದಂತಲ್ಲ. ಇವರ ಕಥೆಯಲ್ಲಿ ಅರಸನಿಗೆ ಬಿದ್ದ ಹಣ್ಣುಗಳ ಸಂಖ್ಯೆ ವರ್ಷ ವರ್ಷಕ್ಕೂ ಏರುತ್ತಿದೆ. ಕೊನೆಗೆ ದನಿ ತಗ್ಗಿಸಿ, "ಆಮೇಲೆ ರೋಮಿನವರು ದೇಗುಲಾನೇ ಕೆಡವಿದ್ರು. ಅಷ್ಟು ಕಲ್ಲು ಹೋಯ್ತು. ಸೊಪ್ಪಿಂದು ಉಳೀತು ನೋಡು," ಎಂದರು.

ರುಬೀನಾ ಟ್ಯಾಬ್ಲೆಟ್ ತೆರೆದಳು. ಏಣಿ ಹತ್ತಿ ಶಾಸ್ತ್ರಕ್ಕೆ ನೀರು ಸುರಿದವಳು ನಾನೇ, ಮೊಣಕಾಲು ಬೇಡ ಬೇಡವೆಂದರೂ. ನೀರು ಸೊಪ್ಪಿನಿಂದ ಇಳಿದು ರಿವ್ಕಾ ಅವರ ಹಣೆಯ ಮೇಲೆ ಬಿತ್ತು, ಖಾಲಿ ಕುರ್ಚಿಯ ಮೇಲೂ ಬಿತ್ತು. ಆಕೆ ಕೈ ಚಾಚಿ ಆ ಕುರ್ಚಿಯನ್ನು ಒರೆಸಲು ಹೋದವರು, ಒರೆಸದೆ ಹಾಗೇ ಕೈಯಿಟ್ಟುಕೊಂಡು ಕೂತರು.

"ಆಂಟಿ," ಎಂದಳು ರುಬೀನಾ ಮೆಲ್ಲಗೆ, "ಸೋರ್ತದ ಅಂತ ಹಾಕಿದ್ರ ಈ ಟ್ಯಾಬ್ಲೆಟ್ ಪಾಸ್ ಅಂತ ಒತ್ಲಿಕ್ಕೇ ಬಿಡವಲ್ದು. ಫೇಲ್ ಅಂತನೇ ತೋರಿಸ್ಲಿಕತ್ತದ."

"ಮತ್ತೇನು ಮಾಡ್ತೀ?" ಎಂದೆ ಮೇಲಿನಿಂದಲೇ.

ಅವಳು ರಿವ್ಕಾ ಅವರನ್ನು ನೋಡಿದಳು, ಒದ್ದೆ ಕುರ್ಚಿಯನ್ನು ನೋಡಿದಳು. ಟ್ಯಾಬ್ಲೆಟ್ ಮುಚ್ಚಿ ಚೀಲದಲ್ಲಿಟ್ಟಳು. ನೋಟ್‌ಬುಕ್ಕಿನ ಹಾಳೆ ಹರಿದು, ನನ್ನ ಪೆನ್ನು ಕೇಳಿ, ಅಂದು ವರ್ನಾನ್ ಬರೆದಿದ್ದ ಎರಡು ಮಾತನ್ನೇ ಬರೆದು ಸಹಿ ಹಾಕಿ ಬಾಗಿಲ ಕಂಬಕ್ಕೆ ಸಿಕ್ಕಿಸಿದಳು. ಬೂಟು ಬಿಚ್ಚಿರಲಿಲ್ಲ.